ಹೊನ್ನಿಯ ಕೊಡ ಒಡೆದವರು

ಒಂಟಿಕೊಪ್ಪಲಿನ ನಮ್ಮ ಮನೆಗೆ ನಿನ್ನೆ ಒಂದು ಆಮಂತ್ರಣ ಬಂತು. ದಪ್ಪ ಕಾಗದ, ಇನ್ನೂ ಆರದ ಮಸಿಯ ವಾಸನೆ. ‘ಹೊನ್ನಿಯ ಪದ: ಮೂಲ ಮತ್ತು ಚಾರಿತ್ರಿಕ ಮಹತ್ವ’ ಎಂಬ ವಿಚಾರಗೋಷ್ಠಿ. ಶತ್ರುಸೈನ್ಯಕ್ಕೆ ನೀರು ಸಿಗಬಾರದೆಂದು ತನ್ನ ಕೊಡವನ್ನೇ ಒಡೆದ ವೀರವನಿತೆಯ ಮುನ್ನೂರು ವರ್ಷದ ಲಾವಣಿಯಂತೆ. ಆಧಾರ ಏನೆಂದು ನೋಡಿದರೆ, ನನ್ನದೇ ಹಳೆಯ ಪತ್ರಿಕಾ ವರದಿ! ನೀವು ನಗಬಹುದು. ನಾನೂ ನಕ್ಕೆ, ಸ್ವಲ್ಪ ಹೊತ್ತು.

ಆಗ ನಾನು ಹೊಸ ವರದಿಗಾರ. ಚರಂಡಿ ಕಟ್ಟಿಕೊಂಡ ಸುದ್ದಿಗೂ ಇಬ್ಬರನ್ನು ಕೇಳಿ ಬರೆಯುತ್ತಿದ್ದವನು, ಇತಿಹಾಸಕ್ಕೆ ಯಾರನ್ನೂ ಕೇಳಬೇಕಿಲ್ಲ ಎಂದುಕೊಂಡಿದ್ದೆ. ಇಲವಾಲದ ಆಚೆಯ ಒಂದು ಹಳ್ಳಿಯಲ್ಲಿ ಪುಟ್ಟಮ್ಮ ಅವರೆಕಾಯಿ ಸುಲಿಯುತ್ತಲೇ ಈ ಪದ ಹಾಡಿದ್ದರು.

“ಯಾವ ರಾಜರ ಕಾಲದ್ದಮ್ಮ?”

“ರಾಜ ಎಲ್ಲಿಂದ ಬಂದ? ಹೊನ್ನಿ ಅಂದ್ರೆ ನಮ್ಮತ್ತೆ ಕಣಪ್ಪ. ನಮ್ಮ ಕೇರಿಯೋರು ಕೊಳ ಮುಟ್ಬಾರ್ದು ಅಂತ ಪಟೇಲ ಅವ್ಳ ಕೊಡ ಒಡೆದಾಕ್ದ. ಇವ್ಳು ಸೆರಗು ನೆನೆಸ್ಕೊಂಡು ಬಂದು ಮಗೀನ ಬಾಯಿಗೆ ಹಿಂಡಿದ್ಳು.”

ಎಲ್ಲ ಬರೆದುಕೊಂಡೆ. ಆಮೇಲೆ ಆ ಪಟೇಲನ ಮೊಮ್ಮಗನ ಮನೆಯಲ್ಲೇ ಊಟ ಮಾಡಿದೆ. ಹುರುಳಿಕಾಳಿನ ಬಸ್ಸಾರು ಬಹಳ ಚೆನ್ನಾಗಿತ್ತು. ಕಚೇರಿಗೆ ಬಂದು ಬರೆಯುವಾಗ ಪಟೇಲ ಹೋಗಿ ಶತ್ರುಸೈನ್ಯವಾದ. ಕೊಡವನ್ನು ಹೊನ್ನಿಯ ಕೈಯಲ್ಲೇ ಒಡೆಸಿದೆ. ಸಂಪಾದಕರು ಬೆನ್ನು ತಟ್ಟಿದರು. ಮುಂದಿನದನ್ನು ವಿದ್ವಾಂಸರು ನೋಡಿಕೊಂಡರು.

ಇವತ್ತು ಬೆಳಿಗ್ಗೆ ಅಶೋಕಪುರಂಗೆ ಹೋದೆ. ಪುಟ್ಟಮ್ಮ ಈಗ ಅಲ್ಲಿ ಮಗಳ ಜೊತೆ ಇದ್ದಾರೆ. ಆ ಪದ ಬಲ್ಲವರು ಅವರೊಬ್ಬರೇ ಉಳಿದಿರುವುದು. ಗೋಷ್ಠಿಯಲ್ಲಿ ಹಾಡಲು ಅವರಿಗೂ ಕರೆ ಬಂದಿದೆ, ಪಟೇಲನ ಬದಲು ಶತ್ರುಸೈನ್ಯವಿರುವ ‘ಪರಿಷ್ಕೃತ ಪಾಠ’ದ ಜೊತೆಗೆ. ಮಗಳು ಅದನ್ನು ಓದಿ ಹೇಳಿದ್ದಳು.

“ಇದನ್ನ ನಾ ಹಾಡಿದ್ರೆ, ನಮ್ಮತ್ತೆ ಕೊಡಾನ ನಾನೂ ಒಂದ್ಸಲ ಒಡ್ದಂಗೇ ಅಲ್ವೇನಪ್ಪ?”

“ತಪ್ಪಾಯ್ತಮ್ಮ. ಪತ್ರಿಕೆಗೆ ತಿದ್ದುಪಡಿ ಬರೀತೀನಿ.”

“ಬರ್ಕೊ, ಯಾರ್ ಬ್ಯಾಡ ಅಂದೋರು? ಅವತ್ತು ನಾನು ನಮ್ ಪದಾನೇ ಹಾಡೋದು. ನೀನು ಪಕ್ಕದಲ್ಲಿ ಕೂತು ಸೊಲ್ಲು ಎತ್ಕೊ.”

ಅವರು ಹಾಡಿದ ಸಾಲನ್ನು ಹಿಂದೆಯೇ ಹಾಡುವ ಕೆಲಸ ಅದು. ನನ್ನದು ಬಚ್ಚಲಲ್ಲೂ ಹಾಡದ ಗಂಟಲು. ಆದರೂ ಕೂತೆ. ಸಾಲು ಸಾಲಾಗಿ ಹೇಳಿಕೊಟ್ಟರು. ಪಟೇಲನ ಹೆಸರು ಬರುವ ಕಡೆ ನನ್ನ ದನಿ ತಾನಾಗಿ ಇಳಿಯಿತು.

“ಯಾಕಪ್ಪ? ಸುಳ್ಳನ್ನ ಊರಿಗೆಲ್ಲ ಕೇಳೋ ಅಂಗೆ ಬರ್ದ್ಯಲ್ಲ. ಇದನ್ನೂ ಅಂಗೇ ಅನ್ನು.”

ಅಂದೆ. ಎದುರು ಮನೆಯವರು ಕಿಟಕಿ ತೆರೆದು ನೋಡಿದರು.