ಗಿಳಿವನದಲ್ಲಿ ಕೇಸರಿಬಾತು

ಉಪ್ಪಿಟ್ಟು ಕೇಸರಿಬಾತು ಕಟ್ಟಿಕೊಂಡು ಗಿಳಿ ನೋಡೋಕೆ ಯಾರಾದರೂ ಹೋಗ್ತಾರೇನ್ರೀ? ನೀವೇ ಹೇಳಿ. ಪುಳಿಯೋಗರೆ ತಗೊಂಡು ಹೋಗ್ತಾರೆ, ಚಿತ್ರಾನ್ನ ತಗೊಂಡು ಹೋಗ್ತಾರೆ, ಮೊಸರನ್ನದ ಮೇಲೆ ಒಂದು ಉಪ್ಪಿನಕಾಯಿ ಹೋಳು ಇಟ್ಟುಕೊಂಡು ಹೋಗ್ತಾರೆ. ಉಪ್ಪಿಟ್ಟೂ ಕೇಸರಿಬಾತೂ ಜೋಡಿಯಾಗಿ ಮನೆಯಲ್ಲಿ ಆಯಿತು ಅಂದರೆ ಹೆಣ್ಣು ನೋಡೋಕೆ ಗಂಡಿನ ಕಡೆಯವರು ಬರ್ತಿದ್ದಾರೆ ಅಂತಲೇ ಅರ್ಥ. ಮೈಸೂರಲ್ಲಿ ಇದು ಹಾಲು ಕುಡಿಯೋ ಮಗುವಿಗೂ ಗೊತ್ತು.

ಕುಂಬಾರಕೊಪ್ಪಲಿನ ಚೆಲುವರಾಜುವಿಗೆ ಗೊತ್ತಿರುವುದಿಲ್ಲವೇ? ಭಾನುವಾರ ಬೆಳಿಗ್ಗೆ ತುಪ್ಪದಲ್ಲಿ ರವೆ ಹುರಿಯುವ ವಾಸನೆ ಹಜಾರಕ್ಕೆ ಬಂದದ್ದೇ ತಡ, ಪೇಪರ್ ಕೆಳಗಿಟ್ಟು ಅಡುಗೆಮನೆ ಬಾಗಿಲಲ್ಲಿ ನಿಂತ. ಒಲೆಯ ಒಂದು ಕಡೆ ಉಪ್ಪಿಟ್ಟು, ಇನ್ನೊಂದು ಕಡೆ ಕೇಸರಿಬಾತು. ಹೆಂಡತಿ ಚಾಮುಂಡೇಶ್ವರಿ ಗೋಡಂಬಿ ಹುರಿಯುತ್ತಿದ್ದಳು, ಅದೂ ಧಾರಾಳವಾಗಿ.

"ಏನೇ ಇದು?"

"ತಿಂಡಿ ಕಣ್ರೀ. ಪಾರ್ಕಿಗೆ ಹೋಗೋದಲ್ವಾ, ಮಗು ಹಸ್ಕೊಳ್ಳುತ್ತೆ. ನೀವು ಗಡ್ಡ ಮಾಡ್ಕೊಂಡು, ಆ ಬಿಳಿ ಶರ್ಟ್ ಹಾಕ್ಕೊಳ್ಳಿ. ಇಸ್ತ್ರಿ ಮಾಡಿಸಿಟ್ಟಿದ್ದೀನಿ."

ಗಿಳಿಗಳಿಗೆ ತೋರಿಸೋಕೆ ಇಸ್ತ್ರಿ ಶರ್ಟು! ದಸರಾ ಎಕ್ಸಿಬಿಷನ್ನಿಗೆ ಕರೆದರೂ "ಕಾಲು ನೋವು, ನೀವು ಹೋಗ್ಬನ್ನಿ" ಅನ್ನುವ ಹೆಂಗಸು, ತಾನಾಗಿಯೇ ಬೆಟ್ಟದ ಕಡೆ ಹೊಸದಾಗಿ ಆಗಿರುವ ಗಿಳಿವನಕ್ಕೆ ಎಲ್ಲರೂ ಹೋಗೋಣ ಅಂದಾಗಲೇ ಚೆಲುವರಾಜುವಿನ ಕಿವಿ ನೆಟ್ಟಗಾಗಿತ್ತು. ಈಗಂತೂ ಗಂಟೆ ಹೊಡೆದುಕೊಂಡಿತು.

ಅನುಮಾನ ಅವನಿಗೆ ಹುಟ್ಟುಗುಣವಲ್ಲ, ಕಸುಬಿನಿಂದ ಬಂದದ್ದು. ಸಿಟಿ ಬಸ್ಸಿಗೆ ಕಂಡಕ್ಟರಾಗಿ ಸೇರಿ, ಚೆಕಿಂಗ್ ಇನ್ಸ್‌ಪೆಕ್ಟರಾಗಿ ರಿಟೈರ್ ಆದವನು. ಸ್ಟಾಪಿನಿಂದ ಸ್ವಲ್ಪ ದೂರದಲ್ಲಿ ಮರದ ಮರೆಗೆ ನಿಂತಿದ್ದು, ಬಸ್ಸಿಗೆ ಗಬಕ್ಕನೆ ಅಡ್ಡಬಂದು ಕೈ ತೋರಿಸಿ ಹತ್ತುವುದು ಅವನ ಕೆಲಸ. ಹತ್ತಿದವನು ಟಿಕೆಟ್ ಕೇಳುವ ಮೊದಲು ಮುಖ ನೋಡುತ್ತಿದ್ದ. ಟಿಕೆಟ್ ಇದ್ದವನು ನೇರವಾಗಿ ನೋಡ್ತಾನೆ, ಇಲ್ಲದವನಿಗೆ ಕಿಟಕಿಯಾಚೆ ಇದ್ದಕ್ಕಿದ್ದಂತೆ ಬಹಳ ಆಸಕ್ತಿ ಬಂದುಬಿಡುತ್ತೆ, ಇದು ಅವನ ಲೆಕ್ಕಾಚಾರ. ಲೆಕ್ಕ ತಪ್ಪಿದ್ದು ಕಡಿಮೆ. ಸ್ವಂತ ಭಾವಮೈದನನ್ನೇ ಹಿಡಿದು ದಂಡ ಹಾಕಿದವನು ಅಂದಮೇಲೆ ಇನ್ನು ಹೇಳೋದೇನಿದೆ? ಆ ಭಾವಮೈದ ಇವತ್ತಿಗೂ ಮನೆಗೆ ಬಂದರೆ ನೀರು ಮಾತ್ರ ಕುಡಿದು ಹೋಗುತ್ತಾನೆ.

ರಿಟೈರ್ ಆದರೂ ಚಟ ಬಿಡಲಿಲ್ಲ. ತರಕಾರಿಯವಳ ತಕ್ಕಡಿ ಮೇಲೆ ಅನುಮಾನ, ಹಾಲಿನವನ ಮೇಲೆ ಅನುಮಾನ. ಸೊಸೆ ಸುಷ್ಮಿತಾ ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ. ಅವಳ ಮಿಷನ್ನಿನ ಮೋಟರು ಪದೇ ಪದೇ ಕೆಟ್ಟು, ಪ್ರತಿ ಸಲವೂ ಅದನ್ನು ಹೊತ್ತುಕೊಂಡು ಬೋಗಾದಿಯ ಅಂಗಡಿಗೆ ಹೋಗುತ್ತಿದ್ದಳು. ಇದು ವೋಲ್ಟೇಜಿನ ಕಿತಾಪತಿಯೇ ಸೈ ಅಂತ ಚೆಲುವರಾಜು ಕರೆಂಟ್ ಆಫೀಸಿಗೆ ಹೋಗಿ ಜಗಳ ಮಾಡಿ ಬಂದಿದ್ದ.

ಒಂದೇ ಒಂದು ಸಲ ಅವನ ಅನುಮಾನ ಕೈಕೊಟ್ಟಿತು. ಮಗ ರವಿಚಂದ್ರ ರಿಂಗ್ ರೋಡಿನಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡಾಗ. ಹಿಂದೆ ಕೂತಿದ್ದ ಸ್ನೇಹಿತನ ಮೇಲೆ, ಎದುರಿಗೆ ಬಂದ ಲಾರಿಯ ಮೇಲೆ, ಆಸ್ಪತ್ರೆಯ ಮೇಲೆ, ಎಲ್ಲದರ ಮೇಲೂ ಅನುಮಾನಪಟ್ಟು ತಿಂಗಳುಗಟ್ಟಲೆ ಓಡಾಡಿದ. ಏನೂ ಸಿಗಲಿಲ್ಲ. ರಸ್ತೆ ತಿರುವಿನಲ್ಲಿ ಒಂದಿಷ್ಟು ಮರಳು ಬಿದ್ದಿತ್ತು, ಅಷ್ಟೇ. ಮರಳಿನ ಮೇಲೆ ಎಷ್ಟು ದಿನ ಸಿಟ್ಟು ಮಾಡಿಕೊಂಡಿರೋಕಾಗುತ್ತೆ? ಆಗ ಮೊಮ್ಮಗಳು ಚೈತನ್ಯ ತೊಟ್ಟಿಲಲ್ಲಿದ್ದಳು. ಈಗ ಯುಕೆಜಿ.

ಹೀಗಾಗಿ ಆವತ್ತು ಕನ್ನಡಿ ಮುಂದೆ ನಿಂತು ಗಡ್ಡ ಹೆರೆಯುತ್ತಾ ಚೆಲುವರಾಜು ಲೆಕ್ಕ ಹಾಕಿದ. ಕೇಸರಿಬಾತು ಆಗಿದೆ, ಅಂದರೆ ಹೆಣ್ಣು ತೋರಿಸೋದಿದೆ. ಈಗಿನ ಕಾಲದಲ್ಲಿ ಮನೆಗೆ ಕರೆಸಲ್ಲ, ಪಾರ್ಕಲ್ಲೋ ದೇವಸ್ಥಾನದಲ್ಲೋ 'ಅಯ್ಯೋ, ನೀವೂ ಬಂದಿದ್ದೀರಾ!' ಅಂತ ಆಕಸ್ಮಿಕದ ನಾಟಕ ಆಡ್ತಾರೆ. ಸರಿ, ನಮ್ಮನೇಲಿ ಹೆಣ್ಣು ಯಾರಿದ್ದಾರೆ? ಹೆಂಡತಿಯನ್ನು ಯಾರೂ ನೋಡೋಕೆ ಬರಲ್ಲ. ಮೊಮ್ಮಗಳಿಗೆ ಇನ್ನೂ ಹಾಲುಹಲ್ಲು. ಉಳಿದವಳು...

ರೇಜರ್ ಗಲ್ಲದ ಮೇಲೇ ನಿಂತಿತು. ಸುಷ್ಮಿತಾ! ಅತ್ತೆ ಸೊಸೆ ಇಬ್ಬರೂ ಸೇರಿಕೊಂಡು ಗಂಡು ಗೊತ್ತು ಮಾಡಿದ್ದಾರೆ. ಅವಳು ಹೋದರೆ ಮಗುವೂ ಹೋಗುತ್ತೆ. ತನಗೆ ಒಂದು ಮಾತು ಹೇಳಿಲ್ಲ, ಬಿಳಿ ಶರ್ಟು ಹಾಕಿಸಿ ಬೆಪ್ಪನ ಥರ ಕರ್ಕೊಂಡು ಹೋಗ್ತಿದ್ದಾರೆ. ಆಗಲಿ, ಬರಲಿ ಆ ಗಂಡು, ನೋಡ್ಕೋತೀನಿ ಅಂದುಕೊಂಡ.

ಗಿಳಿವನದ ಗೇಟಿನಲ್ಲಿ ಎಲ್ಲರ ಟಿಕೆಟ್ಟನ್ನೂ ಅಭ್ಯಾಸದಂತೆ ತಾನೇ ಮೇಲುಜೇಬಿಗೆ ಹಾಕಿಕೊಂಡ. ಒಳಗೆ ಆಕಾಶಕ್ಕೇ ಬಲೆ ಕಟ್ಟಿದಂತೆ ಎತ್ತರದ ಜಾಲರಿ, ಅದರ ಕೆಳಗೆ ಕಿರಿಚಾಡಿಕೊಂಡು ಹಾರಾಡುವ ಪಂಚರಂಗಿ ಗಿಳಿಗಳು. ಚೈತನ್ಯ ಕುಣಿದಾಡುತ್ತಿದ್ದಳು. "ತಾತ, ನೀಲೀದು! ತಾತ, ಅದು ನನ್ನನ್ನೇ ನೋಡ್ತಿದೆ!" ಚೆಲುವರಾಜುವಿನ ಕಣ್ಣು ಗಿಳಿಯ ಮೇಲಿದ್ದರೆ ತಾನೇ? ಅವನು ಸೊಸೆಯನ್ನು ನೋಡುತ್ತಿದ್ದ. ಸುಷ್ಮಿತಾ ಒಂದು ಗಿಳಿಯ ಪಂಜರದ ಮುಂದೆ ನಿಂತು ಮೈಯೆಲ್ಲ ಕಣ್ಣಾಗಿ ನೋಡುತ್ತಿದ್ದಳು. ಪಂಜರದೊಳಗೆ ಗಿಳಿಯೇ ಇರಲಿಲ್ಲ. ಟಿಕೆಟ್ ಇಲ್ಲದ ನೋಟ ಅಂದರೆ ಇದೇ.

ಅಷ್ಟರಲ್ಲಿ ಒಬ್ಬ ಕಣ್ಣಿಗೆ ಬಿದ್ದ. ಗರಿಗರಿ ಶರ್ಟು, ಸೆಂಟು, ಕೈಯಲ್ಲಿ ಮೊಬೈಲು. ಇವರು ನಿಂತರೆ ನಿಲ್ಲುತ್ತಾನೆ, ನಡೆದರೆ ನಡೆಯುತ್ತಾನೆ. ಪಕ್ಕದಲ್ಲಿ ರೇಷ್ಮೆ ಸೀರೆಯ ಒಬ್ಬ ಅಜ್ಜಿ. ಸಿಕ್ಕಿದ ಕಳ್ಳ! ಚೆಲುವರಾಜು ಒಂದು ಗಿಡದ ಮರೆಗೆ ನಿಂತಿದ್ದು, ಅವನು ಹತ್ತಿರ ಬಂದದ್ದೇ ಗಬಕ್ಕನೆ ಅಡ್ಡ ಬಂದ.

"ಯಾವೂರು ನಿಮ್ದು? ಯಾರನ್ನ ನೋಡೋಕೆ ಬಂದಿದ್ದೀರಿ?"

"ಮಂಡ್ಯ... ಗಿಳಿ ನೋಡೋಕೆ ಸಾರ್," ಅಂದ ಆತ ಗಾಬರಿಯಾಗಿ. ಹಿಂದಿನಿಂದ "ಏನಂತೆ ರೀ?" ಎನ್ನುತ್ತಾ ಆತನ ಹೆಂಡತಿ ಬಂದಳು, ಸೊಂಟದ ಮೇಲೆ ಒಂದು ಮಗು, ಸೆರಗು ಹಿಡಿದು ಇನ್ನೊಂದು. ಚೆಲುವರಾಜು ಕೆಮ್ಮಿ, "ಸುಮ್ನೆ ಕೇಳ್ದೆ, ಮಕ್ಕಳ ಕೈ ಹಿಡ್ಕೊಂಡಿರಿ, ಗಿಳಿ ಕಚ್ಚುತ್ವೆ," ಎಂದು ಅಲ್ಲಿಂದ ಜಾಗ ಖಾಲಿ ಮಾಡಿದ.

ತಿರುಗಿ ನೋಡಿದರೆ ಚಾಮುಂಡೇಶ್ವರಿ ಇಲ್ಲ! ಕಾಲು ನೋವು ಅಂತ ತೋಟದ ಕಡೆ ಹೋದರು ಎಂದಳು ಸುಷ್ಮಿತಾ. ಅವನು ಅತ್ತ ಹೋದ. ಅದೇ ಜಾಲರಿಯ ಕೆಳಗೆ ಅದೊಂದು ಬೇರೆಯೇ ಲೋಕ. ಕೊಡೆಯಷ್ಟಗಲದ ಎಲೆಗಳು, ಜರೀಗಿಡಗಳು, ಗಿಳಿಮೂಗಿನಂತೆ ಬಾಗಿದ ಕೆಂಪು ಹೂವು, ನಡುನಡುವೆ ಪೈಪಿನಿಂದ ಮಂಜಿನಂತೆ ನೀರು. ಅಷ್ಟು ದೂರದ ಹುಲ್ಲುಹಾಸಿನಲ್ಲಿ ಚಾಮುಂಡೇಶ್ವರಿ ಯಾರೋ ಹೆಂಗಸಿನ ಜೊತೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದಳು. ಕಾಲು ನೋವಿನವಳು ಕಿಲಕಿಲ ನಗುತ್ತಿದ್ದಳು. ಗಂಡಿನ ತಾಯಿ ಸಿಕ್ಕಂತಾಯಿತು, ಇನ್ನು ಗಂಡು ಎಲ್ಲಿ?

ಎಲೆಯ ಮರೆಯಲ್ಲಿ ಬಗ್ಗಿ ಹೊಂಚುಹಾಕಿದ. ಅದೇ ಹೊತ್ತಿಗೆ ಹಳದಿ ಗಿಳಿಯೊಂದು ಭುಜದ ಮೇಲೆ ಕೂತು, ಮೇಲುಜೇಬಿಗೆ ಕೊಕ್ಕು ಹಾಕಿ, ಟಿಕೆಟ್ಟುಗಳನ್ನು ಕಚ್ಚಿಕೊಂಡು ಕೊಂಬೆಯ ಮೇಲೆ ಹೋಗಿ ಕೂತುಬಿಟ್ಟಿತು!

"ಏಯ್! ಕೊಡೋ ಇಲ್ಲಿ! ನನ್ ಟಿಕೆಟ್ ಕಣೋ ಅದು!" ಚೆಲುವರಾಜು ಎಗರಿದ. ಗಿಳಿ ನಿಧಾನಕ್ಕೆ ಒಂದು ಟಿಕೆಟ್ಟಿನ ಅಂಚನ್ನು ಜಗಿಯತೊಡಗಿತು.

"ಕಿರುಚಬೇಡಿ ಸಾರ್, ಹಾರೋಗುತ್ತೆ." ಪಕ್ಕದಲ್ಲಿ ಬಂದು ನಿಂತವನು ಸಾಧಾರಣ ಆಳು, ಚೌಕಳಿ ಶರ್ಟು, ಬೆರಳ ತುದಿಗಳಲ್ಲಿ ತೊಳೆದರೂ ಹೋಗದ ಕಂದು ಕಲೆ. ಅಂಗೈಯಲ್ಲಿ ಸೂರ್ಯಕಾಂತಿ ಬೀಜ ಇಟ್ಟುಕೊಂಡು ಅಲುಗಾಡದೆ ನಿಂತ. ಗಿಳಿ ಟಿಕೆಟ್ ಉದುರಿಸಿ ಬೀಜಕ್ಕೆ ಬಂತು. ಆತ ಎಲ್ಲವನ್ನೂ ಆಯ್ದು, ಒರೆಸಿ ಕೊಟ್ಟ. ಕೊಡುವಾಗ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಟಿಕೆಟ್ ಇದ್ದವನ ನೋಟ. ಅಷ್ಟು ಸಾಕಾಯಿತು ಚೆಲುವರಾಜುವಿಗೆ. ಕೈಹಿಡಿದು ಬೆಂಚಿಗೆ ಎಳೆದುಕೊಂಡು ಹೋದ.

"ಕೂತ್ಕೋಳಿ. ನೀವು ಒಳ್ಳೆ ಜನದ ಹಾಗೆ ಕಾಣ್ತೀರಿ. ಇಲ್ಲಿ ಇವತ್ತು ಒಂದು ಸಂಚು ನಡೀತಿದೆ."

"ಸಾರ್, ನಾನು..."

"ಇರಿ, ಹೇಳೋದು ಮುಗೀಲಿ." ಹೇಳಿದ. ಕೇಸರಿಬಾತು, ಇಸ್ತ್ರಿ ಶರ್ಟು, ಖಾಲಿ ಪಂಜರ, ಎಲ್ಲ ಹೇಳಿದ. "ಆ ನನ್ಮಗ ಕಣ್ಣಿಗೆ ಬೀಳಲಿ, ಕಾಲು ಮುರಿದು ಕೈಗೆ ಕೊಟ್ಬುಡ್ತೀನಿ!"

ಆತ ಎಂಜಲು ನುಂಗಿದ. "ಸಾರ್, ಅವನೇನಾದ್ರೂ ಒಳ್ಳೆಯವನಾಗಿದ್ರೆ?"

ಚೆಲುವರಾಜು ಟಿಕೆಟ್ಟುಗಳನ್ನು ಜೋಡಿಸಿ ಮೇಲುಜೇಬಿಗೆ ಹಾಕಿಕೊಂಡ. ಎದುರಿಗೆ ಎಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಅದೇ ಕಣಪ್ಪ ಕಷ್ಟ. ಕೆಟ್ಟವನಾದ್ರೆ ಓಡಿಸಬಹುದು. ಒಳ್ಳೆಯವನಾದ್ರೆ ಕಳಿಸಿಕೊಡಬೇಕಾಗುತ್ತೆ." ಅವನ ದನಿ ಒಡೆಯಿತು. "ಅವಳಿಗೇನು ವಯಸ್ಸು? ಹಗಲೆಲ್ಲ ಆ ಮಿಷನ್ ಮುಂದೆ ತಲೆ ಬಗ್ಗಿಸಿ ಕೂತಿರ್ತಾಳೆ. ನನಗೂ ಕಣ್ಣಿದೆ, ಕಾಣ್ಸುತ್ತೆ. ಆದ್ರೆ ಆ ಮಗು... ಸಾಯಂಕಾಲ ನಾನು ಹಾಲು ತಗೊಂಡು ಬಂದ್ರೆ ಬಾಗಿಲಿಗೆ ಅಡ್ಡ ನಿಂತ್ಕೋತಾಳೆ. 'ಟಿಕೆಟ್ ತೋರ್ಸು' ಅಂತಾಳೆ. ಹಳೇ ಟಿಕೆಟ್ ತೋರಿಸಿದ್ರೇನೇ ಒಳಗೆ ಬಿಡೋದು. ಊರಿನವರನ್ನೆಲ್ಲ ಚೆಕ್ ಮಾಡ್ದೆ ನಾನು. ಅವಳು ಹೋದ್ರೆ ನನ್ನನ್ನ ಯಾರು ಚೆಕ್ ಮಾಡ್ತಾರೆ ಹೇಳಿ?"

ಆತ ಜೇಬಿನಿಂದ ಕರ್ಚೀಫು ತೆಗೆದುಕೊಟ್ಟ. ಚೆಲುವರಾಜು ಮೂಗು ಒರೆಸಿಕೊಂಡ. ಬದುಕಿನಲ್ಲಿ ಸಿಕ್ಕವರನ್ನೆಲ್ಲ ಹೆಸರೇನು, ಊರೇನು, ಕೆಲಸವೇನು ಅಂತ ಜಾಲಾಡಿದ ಮನುಷ್ಯ, ಇವನೊಬ್ಬನ ಹೆಸರು ಕೇಳುವುದನ್ನು ಮರೆತಿದ್ದ.

"ರೀ! ಬನ್ನಿ, ತಿಂಡಿ!" ಹುಲ್ಲುಹಾಸಿನಿಂದ ಚಾಮುಂಡೇಶ್ವರಿ ಕೂಗಿದಳು.

"ಬನ್ನಿ, ನೀವೂ ಬನ್ನಿ. ಗಂಡು ಯಾರೂಂತ ಈಗ ಬಯಲಾಗುತ್ತೆ. ನೀವು ಸಾಕ್ಷಿಗಿರಿ," ಎಂದು ಆತನ ಹೆಗಲಮೇಲೆ ಕೈಹಾಕಿಕೊಂಡೇ ನಡೆದ.

ಚಾಪೆಯ ಹತ್ತಿರ ಬರುತ್ತಿದ್ದಂತೆ ಆ ಹೊಸ ಹೆಂಗಸು, "ಎಲ್ಲಿ ಹೋಗಿದ್ಯೋ ಯೋಗಾನಂದ?" ಎಂದಳು. ಸುಷ್ಮಿತಾ ತಲೆತಗ್ಗಿಸಿದಳು. ಚಾಮುಂಡೇಶ್ವರಿ ಗಂಡನ ಕೈಯನ್ನೂ ಅದು ಇರುವ ಹೆಗಲನ್ನೂ ನೋಡಿ ಬಾಯಮೇಲೆ ಸೆರಗಿಟ್ಟುಕೊಂಡಳು.

ಚೆಲುವರಾಜುವಿನ ಕೈ ತಾನಾಗಿ ಜಾರಿತು. ಆ ಕಂದು ಬೆರಳುಗಳನ್ನು ನೋಡಿದ. ಮೋಟರಿಗೆ ಬಳಿಯುವ ವಾರ್ನಿಷ್ ಅದು.

"ಬೋಗಾದಿ ಮೋಟರ್ ಅಂಗಡಿ," ಅಂದ.

"ಹೌದು ಸಾರ್. ಆಗಲೇ ಹೇಳೋಣ ಅಂತಿದ್ದೆ, ನೀವು ಬಿಡಲಿಲ್ಲ."

"ನನ್ನೊಬ್ಬನ್ನ ಬಿಟ್ಟು ಎಲ್ಲಾ ಸೇರ್ಕೊಂಡು..." ಚೆಲುವರಾಜು ಹೆಂಡತಿಯತ್ತ ತಿರುಗಿದ.

"ನಿಮ್ಮನ್ನ ಬಿಟ್ಟು ಎಲ್ಲಿ ಮಾಡಿದ್ವಿ?" ಚಾಮುಂಡೇಶ್ವರಿಯೂ ದನಿ ಏರಿಸಿದಳು. "ಅವಳಿಗೆ ಅಪ್ಪ ಇಲ್ಲ. ಹೆಣ್ಣಿನ ಕಡೆ ಹಿರಿಯರು ಯಾರು ಅಂತ ಈ ಮಂಜುಳಮ್ಮೋರು ಕೇಳಿದ್ರು. ನಿಮ್ಮ ಹೆಸರು ಹೇಳ್ದೆ. ಇನ್ಯಾರ ಹೆಸರು ಹೇಳಲಿ? ಆ ಶರ್ಟಿಗೆ ಇಸ್ತ್ರಿ ಮಾಡಿಸಿದ್ದು ಅದಕ್ಕೇ ಕಣ್ರೀ."

ಸುಷ್ಮಿತಾ ಮೊದಲ ಸಲ ತಲೆ ಎತ್ತಿ ನೇರವಾಗಿ ನೋಡಿದಳು. "ಮಾವ, ಮೊದಲೇ ಹೇಳಿದ್ರೆ ನೀವು ಬರ್ತಿರಲಿಲ್ಲ. ನೀವು ಬರದೆ ನಾನು ಯಾರ ಮುಂದೆಯೂ ಕೂರಲ್ಲ ಅಂದಿದ್ದೆ ಅತ್ತೆಗೆ. ಈಗಲೂ ಅಷ್ಟೆ. ಬೇಡ ಅನ್ನಿ, ಎದ್ದುಬರ್ತೀನಿ."

ಬೇಡ ಅನ್ನೋ ಮಾತು ಬಾಯಲ್ಲೇ ಇತ್ತು. ಎರಡಕ್ಷರ. ಚೆಲುವರಾಜು ಅವಳ ಮುಖ ನೋಡಿದ, ಮಿಷನ್ ಮುಂದೆ ಬಗ್ಗಿ ಬಗ್ಗಿ ಗೂನಾಗುತ್ತಿರುವ ಬೆನ್ನು ನೋಡಿದ. ರವಿ ಇದ್ದಿದ್ದರೆ ಇವಳು ಹೀಗಿರುತ್ತಿದ್ದಳೇ? ತಾನೇ ಕೂತು, ಕೇಸರಿಬಾತಿನ ಡಬ್ಬಿಯ ಮುಚ್ಚಳ ತೆಗೆದು, ತಟ್ಟೆಗೆ ಹಾಕಿದ.

ಯೋಗಾನಂದ ಇನ್ನೂ ನಿಂತೇ ಇದ್ದ. "ಸಾರ್, ಕಾಲಿನ ವಿಷಯ..."

"ಕೂತ್ಕೋಳಪ್ಪ. ಮುರಿಯೋಕಾದ್ರೂ ಕೂತಿರಬೇಕಲ್ಲ."

ಮಂಜುಳಮ್ಮ ಏನೂ ಅರ್ಥವಾಗದೆ ನಕ್ಕರು. ಯೋಗಾನಂದ ಚಪ್ಪಲಿ ಬಿಟ್ಟು ಚಾಪೆಗೆ ಕಾಲಿಡುವಷ್ಟರಲ್ಲಿ ಚೈತನ್ಯ ಎಲ್ಲಿಂದಲೋ ಓಡಿಬಂದು ಎರಡೂ ಕೈ ಚಾಚಿ ಅಡ್ಡ ನಿಂತಳು.

"ಟಿಕೆಟ್ ತೋರ್ಸಿ!"

ಆತ ಜೇಬು ತಡಕಿದ. ಮೇಲುಜೇಬು, ಪ್ಯಾಂಟಿನ ಜೇಬು. ಇಲ್ಲ. ತಾಯಿಯ ಕಡೆ ನೋಡಿದ. ಅವರು ಬುಟ್ಟಿಯಲ್ಲಿ ಹುಡುಕತೊಡಗಿದರು. ಮಗು ಜಗ್ಗಲಿಲ್ಲ. ಹುಬ್ಬು ಗಂಟಿಕ್ಕಿಕೊಂಡು, ಥೇಟ್ ತಾತನ ಹಾಗೆಯೇ, ಮುಖವನ್ನೇ ನೋಡುತ್ತಾ ನಿಂತಿದ್ದಳು.

ಚೆಲುವರಾಜು ತನ್ನ ಬಿಳಿ ಶರ್ಟಿನ ಜೇಬಿಗೆ ಕೈಹಾಕಿ, ಗಿಳಿ ಅಂಚು ಜಗಿದಿದ್ದ ಆ ಟಿಕೆಟ್ಟನ್ನು ತೆಗೆದು ಮೊಮ್ಮಗಳ ಅಂಗೈಲಿಟ್ಟ.

"ಬಿಡು ಪುಟ್ಟಿ," ಅಂದ. "ಇವರದ್ದು ನನ್ನ ಹತ್ರ ಇದೆ."

ಚೈತನ್ಯ ಟಿಕೆಟ್ಟನ್ನು ತಿರುಗಿಸಿ ಮುರುಗಿಸಿ ನೋಡಿ, ಕೈ ಇಳಿಸಿ ದಾರಿ ಬಿಟ್ಟಳು.