ಮೂಡಣ ದಂಡೆಯ ಸಾಲು

ಇಪ್ಪತ್ತೇಳನೇ ವಯಸ್ಸಿಗೆ ಹಮ್ದೂನನ ತಲೆಯ ಮೇಲೆ ಒಂದು ಟೋಪಿ ಕೂತಿತು. ಅದಕ್ಕೆ ಮುಂಚೆ ಕೂತದ್ದೆಲ್ಲ ಬೇರೆಯವರ ಪೆಟ್ಟಿಗೆಗಳು. ರಾಜಧಾನಿ ಮಾಲೆಯ ಹೋಟೆಲೊಂದರಲ್ಲಿ ಎರಡು ವರ್ಷ ಅದೇ ಕೆಲಸ. ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದವನಿಗೆ ಅದಕ್ಕಿಂತ ದೊಡ್ಡ ಜವಾಬ್ದಾರಿಯನ್ನು ಯಾರು ಹೊರಿಸಿಯಾರು? ಟೋಪಿ ರೆಸಾರ್ಟ್ ಕಂಪನಿಯದು. ಹುದ್ದೆಯ ಹೆಸರು ಉದ್ಯಾನ ಸಹಾಯಕ ಅಧಿಕಾರಿ. ಅಧಿಕಾರ ಇಷ್ಟೇ: ತನ್ನ ಊರಾದ ಹಿತಿಫಾರು ದ್ವೀಪದಲ್ಲಿ ಅಡ್ಡಾಡಿ, ಚೆನ್ನಾಗಿರುವ ತೆಂಗಿನ ಮರಗಳಿಗೆ ಕೆಂಪು ಪಟ್ಟಿ ಬಳಿಯುವುದು. ಬಳಿದ ಮರವನ್ನು ಯಂತ್ರ ಬೇರುಸಮೇತ ಎತ್ತುತ್ತದೆ, ಚಪ್ಪಟೆ ದೋಣಿ ಎದುರಿನ ದ್ವೀಪಕ್ಕೆ ಒಯ್ಯುತ್ತದೆ.

ಎದುರಿನದನ್ನು ದ್ವೀಪ ಎನ್ನುವುದು ಈಗ. ಮೂರು ವರ್ಷದ ಹಿಂದೆ ಅಲ್ಲಿ ನೀರಿನಡಿಯ ಹವಳದ ದಿಬ್ಬ ಮಾತ್ರ ಇತ್ತು. ಹಡಗೊಂದು ಬಂದು ಸಮುದ್ರದ ತಳದ ಮರಳನ್ನು ಹೀರಿ ಉಗುಳಿತು, ಉಗುಳಿದ್ದೇ ದ್ವೀಪವಾಯಿತು. ಆದರೆ ಬೋಳು ಮರಳಿಗೆ ಯಾವ ಪ್ರವಾಸಿ ಬಂದಾನು? ನೆರಳು ಬೇಕು, ಫೋಟೊದ ಹಿಂದೆ ಗರಿ ಅಲ್ಲಾಡಬೇಕು, ಎಲ್ಲವೂ ಅಜ್ಜನ ಕಾಲದಿಂದ ಅಲ್ಲೇ ಇದ್ದ ಹಾಗೆ ಕಾಣಬೇಕು.

ಬಣ್ಣದ ಡಬ್ಬಿ ಹಿಡಿದು ಹೊರಟರೆ ಬಾಲ್ಯದ ಗೆಳೆಯ ಶಿಮಾನ್ ಬಿಡುತ್ತಿರಲಿಲ್ಲ.

"ಏನ್ ಆಫೀಸರ್ರೇ, ಮರಕ್ಕೆ ಮದರಂಗಿ ಹಚ್ಚೋಕೆ ಹೊರಟ್ರಾ?"

"ಹೂಂ ಕಣೋ, ಮದುವೆ ಮಾಡಿ ಎದುರುಮನೆಗೆ ಕಳಿಸ್ತಾ ಇದೀನಿ. ನಿಂಗಂತೂ ಹೆಣ್ಣು ಸಿಗಲಿಲ್ಲ, ಮರಕ್ಕಾದ್ರೂ ಗಂಡು ಸಿಗ್ಲಿ."

"ನಿಂಗೂ ಒಂದು ಪಟ್ಟಿ ಬಳ್ಕೋ. ನಿನ್ನನ್ನೂ ಎತ್ಕೊಂಡು ಹೋಗ್ಲಿ."

ಹೀಗೆ ನಗುನಗುತ್ತಲೇ ಶಾಲೆಯ ಹಿಂದಿನ ಮರಗಳು ಹೋದವು, ದೋಣಿ ಕಟ್ಟುವ ಚಪ್ಪರದ ಪಕ್ಕದವು ಹೋದವು. ಯಾರೂ ಅಳಲಿಲ್ಲ. ಹಮ್ದೂನನೂ ಅಳಲಿಲ್ಲ, ವರ್ಷದ ಕೊನೆಗೆ ನೌಕರಿ ಕಾಯಂ ಆಗುವುದಿತ್ತು.

ಮೂಡಣ ದಂಡೆಯ ಸಾಲು ಮಾತ್ರ ಕಂಪನಿಯವರ ಕಣ್ಣಿಗೆ ಬಿದ್ದಿರಲಿಲ್ಲ. ಜೆಟ್ಟಿ ಇದ್ದದ್ದು ಪಡುವಣಕ್ಕೆ. ಬಂದವರು ಅತ್ತಲೇ ನೋಡಿ ಅತ್ತಲೇ ಹೋಗುತ್ತಿದ್ದರು. ಆ ಸಾಲನ್ನು ಅವರ ಕಣ್ಣಿಗೆ ಬೀಳಿಸಿದವನು ಹಮ್ದೂನನೇ. ರೆಸಾರ್ಟಿನ ತೋಟದ ನಕ್ಷೆ ಬರೆಯುವ ವಿದೇಶಿ ಮೇಡಂ ಒಂದು ದಿನ, ಒಂದು ಮರ ಗಿಡ್ಡ, ಒಂದು ಮರ ಉದ್ದ, ಸ್ವಾಗತದ ದಾರಿಗೆ ಒಂದೇ ಎತ್ತರದವು ಸಿಗುತ್ತಿಲ್ಲ ಎಂದು ಗೊಣಗುತ್ತಿದ್ದರು. ಅಧಿಕಾರಿಯಾದವನು ಮೇಡಂ ಅನ್ನು ಮನೆಗೆ ಕರೆಯದಿದ್ದರೆ ಹೇಗೆ? ಕರೆದ. ಅಮ್ಮ ಹವ್ವಾ ಕಪ್ಪು ಚಹಾ ಮಾಡಿದಳು, ಮೀನು ತುಂಬಿದ ಕಡುಬು ಕರಿದಳು. ಆ ಸಾಲಿಗೆ ತಾಗಿದ ಹಿತ್ತಿಲಲ್ಲಿ ಹಗ್ಗದ ಜೋಲಿ ಕುರ್ಚಿಯ ಮೇಲೆ ಕೂತ ಮೇಡಂ, ಎಷ್ಟು ತಂಪು ಎಂದರು. ಅಷ್ಟು ಸಾಕಾಯಿತು. ಹಮ್ದೂನ್ ಕೊಚ್ಚಿಕೊಂಡ.

"ಇಲ್ಲಿರೋ ಮೂವತ್ತೊಂದೂ ಒಂದೇ ದಿನ ನೆಟ್ಟದ್ದು ಮೇಡಂ. ಸುನಾಮಿ ಬಂದ ವರ್ಷ. ನಾವಾಗ ಪುಟ್ಟ ಮಕ್ಕಳು."

ಅಲೆ ಅಡುಗೆಮನೆಯನ್ನು ಒಯ್ದದ್ದು, ಬಾವಿಗಳೆಲ್ಲ ಉಪ್ಪಾದದ್ದು, ಊರಿನ ಹೆಂಗಸರು ಸೇರಿ ಮಗುವಿಗೊಂದರಂತೆ ಮೊಳಕೆ ಬಂದ ಕಾಯಿ ಹಂಚಿದ್ದು, ಎಲ್ಲ ಹೇಳಿದ. ಕುಡಿಯುವ ನೀರು ದೋಣಿಯಲ್ಲಿ ಬರುತ್ತಿದ್ದ ಆ ತಿಂಗಳುಗಳಲ್ಲಿ ಅಮ್ಮ ಅಕ್ಕಿ ತೊಳೆದ ನೀರನ್ನು ಚೆಲ್ಲದೆ ಎತ್ತಿಡುತ್ತಿದ್ದಳು. ಇವನು ಅದನ್ನು ಲೋಟದಲ್ಲಿ ಒಯ್ದು ಸಸಿಗೆ ಎರೆಯುತ್ತಿದ್ದ. ಪ್ರತಿ ಮರಕ್ಕೂ ಒಬ್ಬ ಮಗುವಿನ ಹೆಸರಿದೆ, ಇದು ನನ್ನದು, ಅದು ಶಿಮಾನ್‌ನದು ಎಂದು ತೋರಿಸಿದ. ಮೇಡಂ ಕಣ್ಣೊರೆಸಿಕೊಂಡರು. ಆಮೇಲೆ ಚೀಲದಿಂದ ಅಳತೆಯ ಟೇಪು ತೆಗೆದರು.

ದಂಡೆಯ ಮರ ಊರಿನ ಕೌನ್ಸಿಲ್‌ಗೆ ಸೇರಿದ್ದು. ಸಭೆ ಸೇರಿತು. ಅಧ್ಯಕ್ಷ ಜಲೀಲ್ ಕಾಗದ ಓದಿದ: ಮೂವತ್ತೊಂದು ಮರಕ್ಕೆ ಬದಲಾಗಿ ಕಂಪನಿ ಊರಿಗೆ ಫುಟ್‌ಬಾಲ್ ಮೈದಾನ ಕಟ್ಟಿಕೊಡುತ್ತದೆ, ಪ್ಲಾಸ್ಟಿಕ್ ಹುಲ್ಲು, ದೊಡ್ಡ ದೀಪಗಳು. ಮೊದಲು ಕೈಯೆತ್ತಿದವನು ಶಿಮಾನ್.

"ನಿನ್ನ ಮರಾನೂ ಹೋಗುತ್ತೆ ಕಣೋ," ಎಂದು ಹಮ್ದೂನ್ ಪಿಸುಗುಟ್ಟಿದ.

"ಹೋಗ್ಲಿ ಬಿಡು. ಮರ ಗೋಲ್ ಹೊಡೆಯುತ್ತಾ?"

ಹೆಂಗಸರ ಸಾಲಿನಿಂದ ಹವ್ವಾ ಎದ್ದು ನಿಂತಳು. "ಇನ್ನೊಂದ್ ಸಲ ನೀರು ಬಂದ್ರೆ ಆ ಪ್ಲಾಸ್ಟಿಕ್ ಹುಲ್ಲನ್ನ ಹಿಡ್ಕೊಂಡು ನಿಲ್ತೀಯೇನೋ ಜಲೀಲ್?"

ಜನ ನಕ್ಕರು. ಜಲೀಲ್‌ನೂ ನಕ್ಕ. "ಹವ್ವಕ್ಕಾ, ನನ್ನ ಮೇಲೆ ಯಾಕೆ ಹಾಯ್ತೀರಿ? ಆ ಸಾಲನ್ನ ಮೇಡಂಗೆ ತೋರಿಸಿದ್ದು ನಿಮ್ಮ ಮಗನೇ ಅಲ್ವಾ? ಚಹಾ ಕೊಟ್ಟೋರು ನೀವೇ ಅಲ್ವಾ?"

ಇಡೀ ಸಭೆ ಹಮ್ದೂನನ ಕಡೆ ತಿರುಗಿತು. ಅವನು ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು, ಅದರೊಳಗೆ ಏನೋ ಬರೆದಿರುವಂತೆ ನೋಡುತ್ತ ಕುಳಿತ.

ಅಮ್ಮ ಬೈಯಲಿಲ್ಲ. ಬೈದಿದ್ದರೆ ಊಟ ಸೇರುತ್ತಿತ್ತು. ಕೌನ್ಸಿಲ್ ಒಪ್ಪಿದ್ದರಿಂದ ಮರುದಿನ ಅವನೇ ಹೋಗಿ ಮೂವತ್ತೊಂದಕ್ಕೂ ಪಟ್ಟಿ ಬಳಿದ, ತನ್ನದಕ್ಕೆ ಎಲ್ಲಕ್ಕಿಂತ ನೇರವಾಗಿ. ದೋಣಿ ಬರುವುದಕ್ಕೆ ಐದಾರು ವಾರವಿತ್ತು. ಉಳಿಸುವ ದಾರಿ ಹೊಳೆದದ್ದು ಆಮೇಲೆ, ಕಂಪನಿಯದೇ ನಿಯಮದ ಹಾಳೆಯಲ್ಲಿ: ದುಂಬಿ ತಾಗಿದ ಮರವನ್ನು ತೆಗೆದುಕೊಳ್ಳುವಂತಿಲ್ಲ.

ತೆಂಗಿನ ಸುಳಿಗೆ ಕೊಂಬಿನ ದುಂಬಿ ಹೊಕ್ಕರೆ ಅದು ಮಡಿಚಿದ ಎಲೆಯನ್ನೇ ಕಡಿಯುತ್ತದೆ. ತಿಂಗಳ ಮೇಲೆ ಎಲೆ ಬಿಚ್ಚಿಕೊಂಡಾಗ ಎರಡೂ ಬದಿಯಲ್ಲಿ ಕತ್ತರಿಯಾಡಿದಂಥ ಕಚ್ಚುಗಳು ಕಾಣುತ್ತವೆ. ಮಕ್ಕಳು ಕಾಗದ ಮಡಿಚಿ ಕತ್ತರಿಸಿ ಬಿಡಿಸುವ ಆಟದ ಹಾಗೆ. ದುಂಬಿ ಮಾಡುವುದನ್ನು ಚಾಕು ಮಾಡಲಾರದೇ? ಶುಕ್ರವಾರ ಮಧ್ಯಾಹ್ನ ಊರಿನ ಗಂಡಸರೆಲ್ಲ ಮಸೀದಿಯಲ್ಲಿದ್ದಾಗ, ಕಾಲಿಗೆ ಹಗ್ಗದ ಬಳೆ ಹಾಕಿಕೊಂಡು ಹಮ್ದೂನ್ ಮರ ಹತ್ತಿದ. ನಮಾಜು ಮುಗಿಯುವುದರೊಳಗೆ ಆರು ಮರ ಆಯಿತು. ಸುಳಿಯ ಜೀವಕ್ಕೆ ತಾಗದಂತೆ, ಮಡಿಚಿದ ಎಲೆಗೆ ಮಾತ್ರ ಓರೆಯಾಗಿ ಎರಡೆರಡು ಗೀರು. ಊರಿನ ಸಾಲು ಉಳಿಸಲು ಹೊರಟ ವೀರ ಆರಿಸಿಕೊಂಡದ್ದು ತನ್ನ ಹಿತ್ತಿಲಿಗೆ ತಾಗಿದ ಆರನ್ನೇ. ಎಲ್ಲಕ್ಕೂ ರೋಗ ಬಂದರೆ ಅನುಮಾನ ಬರುತ್ತದಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಸಮಾಧಾನದ ಮಾತು ಹುಡುಕುವುದರಲ್ಲಿ ಅವನಿಗೆ ಯಾವತ್ತೂ ಡುಮ್ಕಿಯಾದದ್ದಿಲ್ಲ.

ಎಲೆ ಬಿಚ್ಚಿದವು. ಕೆಲಸ ಎಷ್ಟು ಚೊಕ್ಕವಾಗಿತ್ತೆಂದರೆ ದಾರಿಹೋಕರೆಲ್ಲ, "ಅಯ್ಯೋ, ದುಂಬಿ ಬಿತ್ತಲ್ಲ," ಎಂದು ಮರುಗಿದರು. ಕಂಪನಿಯ ಸಸ್ಯವೈದ್ಯ ಬಂದ. ಚಿಕ್ಕ ವಯಸ್ಸಿನವನು, ಮರ ಹತ್ತುವವನಲ್ಲ; ಡ್ರೋನ್ ಹಾರಿಸಿ ಜೋಲಿ ಕುರ್ಚಿಯಲ್ಲಿ ಕೂತೇ ಆರೂ ಸುಳಿಗಳ ಚಿತ್ರ ತೆಗೆದ.

"ಇಪ್ಪತ್ತೈದು ಮರ ಚೆನ್ನಾಗಿವೆ, ತಗೊಂಡು ಹೋಗ್ತೀವಿ," ಎಂದ. "ಈ ಆರನ್ನ ಕಡಿದು ಸುಡಬೇಕು. ಇಲ್ಲಿಂದ ದುಂಬಿ ಹಾರಿ ನಮ್ಮ ದ್ವೀಪಕ್ಕೆ ಬಂದ್ರೆ ಎಲ್ಲಾ ಹಾಳು."

ಹಮ್ದೂನ್ ಡ್ರೋನಿನ ಚಿತ್ರದ ಮೇಲೆ ಬಾಗಿದ. "ಸರ್, ದುಂಬಿ ಅಲ್ಲದೇನೂ ಇರಬಹುದು."

"ಮತ್ತೇನು?"

"ಗಾಳಿ... ಗಾಳಿಗೂ ಎಲೆ ಹರಿಯುತ್ತೆ."

ಪಕ್ಕದಲ್ಲಿದ್ದ ಜಲೀಲ್ ಗೊಳ್ಳೆಂದ. "ಗಾಳಿ ಕತ್ತರಿ ಹಿಡ್ಕೊಂಡು ಬರುತ್ತೇನೋ? ಸೈನ್ ಹಾಕು, ಸಾಹೇಬ್ರಿಗೆ ದೋಣಿಗೆ ಹೊತ್ತಾಯ್ತು."

ನಾನೇ ಕೊಯ್ದೆ ಎನ್ನಲು ಎರಡೇ ಮಾತು ಸಾಕಿತ್ತು. ಹೇಳಿದರೆ ಮರ ಬದುಕುತ್ತದೆ, ಆದರೆ ಎದುರಿನ ದ್ವೀಪಕ್ಕೆ ಹೋಗುತ್ತದೆ. ತಾನು ಮನೆಗೆ ಹೋಗಬೇಕಾಗುತ್ತದೆ. ಕಾಯಂ ಆದೇಶ ಬರುವುದಕ್ಕೆ ಹನ್ನೊಂದು ದಿನವಿತ್ತು. ಉದ್ಯಾನ ಸಹಾಯಕ ಅಧಿಕಾರಿ ರುಜು ಹಾಕಿದ. ಅವನ ರುಜು ದುಂಡಗೆ, ಚೆಂದ.

ಇಪ್ಪತ್ತೈದು ಮರಗಳು ಗರಿಯನ್ನು ಜಡೆಯಂತೆ ಕಟ್ಟಿಸಿಕೊಂಡು ದೋಣಿಯಲ್ಲಿ ಮಲಗಿ ಹೊರಟವು. ಉಳಿದ ಆರನ್ನು ಕಡಿಯಲು ಬಂದ ಬಾಂಗ್ಲಾದೇಶದ ಆಳುಗಳಲ್ಲಿ ಒಬ್ಬ, ಮೊಫಿಜ್ ಎಂಬವನು, ಬಿದ್ದ ಮರದ ಸುಳಿ ಸೀಳಿದ. ಒಳಗೆ ಹಾಲುಬಿಳುಪು, ಒಂದು ತೂತಿಲ್ಲ, ಒಂದು ಕಲೆಯಿಲ್ಲ.

"ಭಾಯ್, ಹುಳ ಎಲ್ಲಿ?"

"ಹಾರಿಹೋಗಿರಬೇಕು," ಎಂದ ಹಮ್ದೂನ್.

ಮರ ಬಿದ್ದರೆ ಸುಳಿಯ ತಿರುಳು ಊರಿಗೆಲ್ಲ. ಜನ ಪಾತ್ರೆ ತಂದರು. ನಿಂಬೆ ಹಿಂಡಿ, ಮೆಣಸು ಕಲಸಿ, ಹೊಗೆಮೀನು ಉದುರಿಸಿ ಅಲ್ಲೇ ಕೂತು ತಿಂದರು. ಶಿಮಾನ್ ಒಂದು ಹಿಡಿಯನ್ನು ಇವನ ಬಾಯಿಗೂ ಹಿಡಿದ. "ನಿನ್ನ ಮರದ್ದೇ ಕಣೋ, ತಿನ್ನು. ಎಷ್ಟು ಸಿಹಿ ಅಂತೀಯ!" ಹಮ್ದೂನ್ ತಿಂದ. ಸಿಹಿಯಾಗಿಯೇ ಇತ್ತು.

ಸಂಜೆ ಬೂದಿಯಿಂದ ಇನ್ನೂ ಹೊಗೆ ಏಳುತ್ತಿತ್ತು. ಅಮ್ಮ ಹಿತ್ತಿಲಲ್ಲಿ ಮೀನು ಬೇಯಿಸುವ ಒಲೆಗೆ ಮೂರನೇ ಸಲ ಬೆಂಕಿ ಹಚ್ಚುತ್ತಿದ್ದಳು. ಮೂಡಣ ಗಾಳಿ ಸಮುದ್ರದಿಂದ ನೇರ ಬಂದು ಆರಿಸುತ್ತಿತ್ತು.

"ಅಮ್ಮಾ, ಹುಳ ಇರಲಿಲ್ಲ. ಎಲೆ ಕೊಯ್ದದ್ದು ನಾನೇ. ಉಳೀಲಿ ಅಂತ."

"ಗೊತ್ತು."

"ಗೊತ್ತಾ?"

"ಮಸೀದಿಗೆ ಹೋದೋನ ಅಂಗಿಯೆದೆಗೆ ಮರದ ಮಸಿ ಹೇಗೆ ಬರುತ್ತೋ? ಒಗೆದೋಳು ನಾನಲ್ವಾ."

"ಮತ್ತೆ ಯಾಕೆ ಸುಮ್ನಿದ್ದೆ?"

"ಉಳೀಬಹುದೇನೋ ಅಂತ ನಾನೂ ಅಂದ್ಕೊಂಡೆ." ಅವಳು ಕಡ್ಡಿಪೆಟ್ಟಿಗೆ ಮುಚ್ಚಿ ಸೊಂಟಕ್ಕೆ ಸಿಕ್ಕಿಸಿದಳು. "ಅಲ್ಲಿಗೆ ಹೋಗಿದ್ರೆ ಯಾರದ್ದೋ ಅಂಗಳದಲ್ಲಾದ್ರೂ ಬದುಕಿರ್ತಿದ್ವು ಕಣೋ."

ಎದುರಿನ ದ್ವೀಪದಲ್ಲಿ ನಾಳೆಯಿಂದ ಆ ಇಪ್ಪತ್ತೈದಕ್ಕೂ ದಿನಕ್ಕೆರಡು ಸಲ ನೀರುಣಿಸುವ ಕೆಲಸ ತನ್ನದೇ ಎಂದು ಅವನು ಹೇಳಬಹುದಿತ್ತು.

ಹವ್ವಾ ಕಣ್ಣಿಗೆ ಬಿದ್ದ ಬೂದಿಯನ್ನು ತಲೆವಸ್ತ್ರದ ಅಂಚಿನಿಂದ ಒರೆಸಿ, ಒಲೆಯ ಕಲ್ಲುಗಳನ್ನು ಒಮ್ಮೆ ನೋಡಿದಳು. ಮನೆಯ ಪಡುವಣ ಗೋಡೆಯ ಮರೆಯನ್ನೊಮ್ಮೆ ನೋಡಿದಳು.

"ಇನ್ನು ಇಲ್ಲಿ ಬೆಂಕಿ ನಿಲ್ಲಲ್ಲ," ಎಂದಳು. "ಆ ದೊಡ್ಡ ಕಲ್ಲು ಎತ್ಕೋ. ಬಿಸಿ ಇದೆ, ಜೋಪಾನ."