ತಳ ಹಿಡಿದ ಗಂಜಿ

ಸೌಟಕ್ಕ ಎಂದರೆ ಆ ಆಸ್ಪತ್ರೆಯಲ್ಲಿ ಗೊತ್ತಿಲ್ಲದವರಿಲ್ಲ. ಇಪ್ಪತ್ತೆಂಟು ವರ್ಷದಿಂದ ರೋಗಿಗಳಿಗೆ ಗಂಜಿ ಬೇಯಿಸುತ್ತಿರುವವಳು. ಅವಳ ಮೂಗು ಎಂಥದ್ದೆಂದರೆ, ಹಾಲಿಗೂ ಗೊತ್ತಾಗುವ ಮೊದಲೇ ಅದು ಒಡೆಯುವುದು ಅವಳಿಗೆ ಗೊತ್ತಾಗುತ್ತದೆ ಎನ್ನುತ್ತಿದ್ದರು. ತಳ ಹಿಡಿದ ಪಾತ್ರೆಯ ಮೇಲೆ ಒಮ್ಮೆ ಬಾಗಿ ‘ಇರಲಿ’ ಅಂದರೆ ಉಳಿಯಿತು, ‘ಚೆಲ್ಲಿ’ ಅಂದರೆ ಮೋರಿ ಸೇರಿತು. ಅದರ ಮೇಲೆ ಮಾತಿಲ್ಲ.

ಹೋದ ತಿಂಗಳು ಬಂದ ಜ್ವರ ಹೋಗುವಾಗ ಆ ಮೂಗನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಸೋಪು ಹಿಡಿದರೂ ಅಷ್ಟೆ, ಸೀಮೆಎಣ್ಣೆ ಹಿಡಿದರೂ ಅಷ್ಟೆ. ಯಾರಿಗೂ ಹೇಳಲಿಲ್ಲ. ಮೂಗಿಲ್ಲದ ಅಡುಗೆಯವಳನ್ನು ಯಾರು ಇಟ್ಟುಕೊಳ್ಳುತ್ತಾರೆ?

ಆ ಬೆಳಿಗ್ಗೆ ಅವಳು ಒಲೆಯ ಪಕ್ಕದಲ್ಲೇ ತಟ್ಟೆ ಒರೆಸುತ್ತಿದ್ದಳು. ಅದೇ ಅಡುಗೆಮನೆಯಲ್ಲಿ ಕೆಲಸಕ್ಕಿದ್ದ ಅವಳ ಓರಗಿತ್ತಿ, ಹಿತ್ತಲಲ್ಲಿ ತರಕಾರಿ ಹೆಚ್ಚುತ್ತಿದ್ದವಳು, ಚಾಕು ಹಿಡಿದೇ ಓಡಿ ಬಂದಳು.

“ಏನಕ್ಕ, ಹಿತ್ತಲವರೆಗೂ ಸೀದ ವಾಸನೆ ಬರ್ತಿದೆ, ನೀನು ಇಲ್ಲೇ ಕಂಬದ ಹಾಗೆ ನಿಂತಿದ್ದೀಯಲ್ಲ.”

ಸೌಟಕ್ಕ ಒಲೆ ಆರಿಸಿದಳು. ಅರವತ್ತು ಜನರ ಗಂಜಿ. ಚೆಲ್ಲಿದರೆ, ಮತ್ತೆ ಬೇಯುವತನಕ ಮಾತ್ರೆ ನುಂಗಬೇಕಾದವರು ಖಾಲಿ ಹೊಟ್ಟೆಯಲ್ಲಿ ಕಾಯಬೇಕು. ಸೀದದ್ದನ್ನೇ ಕೊಟ್ಟರೆ, ಮೊದಲೇ ಬಾಯಿ ಕೆಟ್ಟವರು ತಟ್ಟೆ ಸರಿಸಿಬಿಡುತ್ತಾರೆ. ಬಾಗಿದಳು. ಮುಖಕ್ಕೆ ಬರೀ ಬಿಸಿ ಹಬೆ. ‘ಇರಲಿ’ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅಂದಿದ್ದರೆ ಕೇಳುವವರೇ ಇರಲಿಲ್ಲ. ನುಂಗಿಕೊಂಡಳು.

“ನೀನೇ ನೋಡೇ. ನನಗೆ ವಾಸನೆ ಹೋಗಿ ತಿಂಗಳಾಯ್ತು.”

ಓರಗಿತ್ತಿ ಚಾಕು ಕೆಳಗಿಟ್ಟಳು. “ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, ಹಾಗಾಯ್ತು ನಿನ್ನ ಕತೆ. ಹೆಸರು ಉಳಿಸಿಕೊಳ್ಳೋಕೆ ಹೋಗಿ ಗಂಜಿ ಸೀಯಿಸಿದೆ.”

ಮೇಲಿನ ಗಂಜಿಯನ್ನು ಮೂಸಿ, ಚೂರು ಬಾಯಿಗೆ ಹಾಕಿಕೊಂಡಳು. “ಸೀದದ್ದು ಇಲ್ಲಿಗೆ ಇನ್ನೂ ಏರಿಲ್ಲ. ಕೆಳಗಿನದು ನೋಡೋಣ,” ಎಂದು ಕಲಕಲು ಹೋದಳು. ಸೌಟಕ್ಕ ಅವಳ ಮಣಿಕಟ್ಟು ಹಿಡಿದಳು.

“ಕಲಕಿದ್ರೆ ಎಲ್ಲ ಹೋಯ್ತು ಕಣೇ. ಇತ್ತ ಕೊಡು.”

ತಾನೇ ಮೇಲಿನಿಂದ ಪದರ ಪದರವಾಗಿ ತೋಡಿ ಬೇರೆ ಪಾತ್ರೆಗೆ ಹಾಕುತ್ತಾ ಬಂದಳು. ನಾಲ್ಕು ಸೌಟಿಗೊಮ್ಮೆ ಓರಗಿತ್ತಿಯ ಮೂಗಿಗೆ ಹಿಡಿಯುವಳು. “ಸಾಕು” ಎಂದಲ್ಲಿಗೆ ಕೈ ನಿಂತಿತು. ಮಾತ್ರೆಯವರಿಗೆಲ್ಲ ಆಯಿತು. ಉಳಿದವರಿಗೆ ಸಣ್ಣ ಪಾತ್ರೆಯಲ್ಲಿ ಹೊಸದಾಗಿ ಇಟ್ಟರು.

“ಇನ್ಮೇಲೆ ಮೂಗು ನನ್ನದು, ಕೈ ನಿನ್ನದು,” ಅಂದಳು ಓರಗಿತ್ತಿ. “ಯಾರಾದ್ರೂ ಕೇಳಿದ್ರೆ, ಇಬ್ಬರೂ ಸೇರಿ ಒಬ್ಬ ಅಡುಗೆಯವಳು ಅನ್ನೋಣ.”

“ಈ ತಳ ಉಜ್ಜೋ ಕೆಲಸ ಯಾರದ್ದು?”

“ಕೈ ಯಾರದ್ದು ಅಂದೆ?”

ಸೌಟಕ್ಕ ನಗುತ್ತಲೇ ಕರಿ ಪಾತ್ರೆಯನ್ನು ನಲ್ಲಿಯ ಕೆಳಗೆ ಎಳೆದುಕೊಂಡಳು.